ಮುಗಿಯದ ಆಟ ಮುಗಿದ ಕಥೆ

ಕೆನಡಾ ದೇಶದ ಪಶ್ಚಿಮ ಕರಾವಳಿಯಲ್ಲಿ ಲಂಡ್ ಎಂಬುದೊಂದು ಸಣ್ಣ ಊರು. ಹೆದ್ದಾರಿ ಅಲ್ಲಿಗೆ ಮುಗಿಯುತ್ತದೆ. ಮುಂದೆ ಕಾಡು, ಕಡಲು. ವಿಯೆಟ್ನಾಂ ಯುದ್ಧದ ಕಾಲದ ಕಡ್ಡಾಯ ಸೈನ್ಯಸೇವೆಯನ್ನು ಒಲ್ಲದೆ ಅಮೆರಿಕವನ್ನು ತೊರೆದು ಬಂದ ತರುಣನೊಬ್ಬನು ಅಲ್ಲಿ ಮರದ ದಿಮ್ಮಿಗಳ ಮನೆಯಲ್ಲಿ ಸಂಸಾರ ಹೂಡಿದನು. ಮನೆಯಲ್ಲಿ ನಲ್ಲಿಯ ನೀರಿಲ್ಲ, ವಿದ್ಯುದ್ದೀಪವಿಲ್ಲ. 1973ರಲ್ಲಿ ಹುಟ್ಟಿದ ಗಂಡುಮಗುವಿಗೆ ಆ ದಂಪತಿಗಳು ಇಟ್ಟ ಹೆಸರು ‘ಧರ್ಮ’.

ಹೆಸರಿಟ್ಟವರಿಗೆ ಮಹಾಭಾರತದ ಧರ್ಮರಾಯನು ನೆನಪಿದ್ದನೋ ಇಲ್ಲವೋ, ಹೆಸರಂತೂ ತನ್ನ ಫಲವನ್ನು ಕೊಡದೆ ಬಿಡಲಿಲ್ಲ. ಧರ್ಮರಾಯನು ಎರಡು ಸಲ ಪಗಡೆಯ ಹಾಸಿನ ಮುಂದೆ ಕುಳಿತು ಎರಡು ಸಲವೂ ಸೋತವನು. ಈ ಧರ್ಮನೂ ಎರಡು ಸಲ ಆಟಕ್ಕೆ ಕೈಹಾಕಿ ಎರಡು ಸಲವೂ ಸೋತವನೇ. ಆತನು ಸೋತು ಕಾಡಿಗೆ ಹೋದನು. ಈತನು ಕಾಡಿನಿಂದ ಬಂದು, ಸೋತು, ಕೋಟ್ಯಧೀಶನಾದನು.

ಹನ್ನೆರಡನೆಯ ವಯಸ್ಸಿನಲ್ಲಿ ಹುಡುಗನು, ಓರಗೆಯವರ ನಡುವೆ ತಾನೂ ಎಲ್ಲರಂತೆ ಇರಬೇಕೆಂದು, ತನ್ನ ಹೆಸರನ್ನು ಸ್ಟೂವರ್ಟ್ ಎಂದು ಬದಲಾಯಿಸಿಕೊಂಡನು. ಮುಂದೆ ಲೋಕಕ್ಕೆ ಪರಿಚಿತನಾದುದು ಸ್ಟೂವರ್ಟ್ ಬಟರ್‌ಫೀಲ್ಡ್ ಎಂಬ ಹೆಸರಿನಿಂದ. ಓದಿದ್ದು ತತ್ತ್ವಶಾಸ್ತ್ರ, ವಿಕ್ಟೋರಿಯಾ ವಿಶ್ವವಿದ್ಯಾನಿಲಯದಲ್ಲಿ ಬಿ.ಎ., ಆ ಬಳಿಕ 1998ರಲ್ಲಿ ಕೇಂಬ್ರಿಜ್‌ನ ಎಂ.ಫಿಲ್. ತತ್ತ್ವಶಾಸ್ತ್ರಕ್ಕೆ ಸಂಬಳವೆಷ್ಟು ಎಂದು ಕೇಳುವ ಹಿರಿಯರು ನಮ್ಮಲ್ಲಿ ಮಾತ್ರವಲ್ಲ, ಅಲ್ಲಿಯೂ ಇದ್ದಾರು. ಹೊಟ್ಟೆಯ ಪಾಡಿಗೆ ಅವನು ಹಿಡಿದದ್ದು ಆಗತಾನೆ ಹರಡುತ್ತಿದ್ದ ಅಂತರಜಾಲದ ಪುಟಗಳನ್ನು ವಿನ್ಯಾಸಗೊಳಿಸುವ ಕೆಲಸವನ್ನು.

2002ರಲ್ಲಿ ವ್ಯಾಂಕೂವರ್ ನಗರದಲ್ಲಿ, ಆಗ ಪತ್ನಿಯಾಗಿದ್ದ ಕ್ಯಾಟರೀನಾ ಫೇಕ್ ಹಾಗೂ ಗೆಳೆಯ ಜೇಸನ್ ಕ್ಲಾಸನ್ ಅವರೊಡನೆ ಸೇರಿ ‘ಲೂಡಿಕಾರ್ಪ್’ ಎಂಬ ಕಂಪೆನಿಯನ್ನು ತೆರೆದನು. ಲ್ಯಾಟಿನ್ ಭಾಷೆಯಲ್ಲಿ ‘ಲೂಡಸ್’ ಎಂದರೆ ಆಟ. ಕಂಪೆನಿಯ ಉದ್ದೇಶ ಒಂದೇ: ಅವರವರ ಮನೆಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ಸಾವಿರಾರು ಜನ ಒಂದೇ ಕಾಲದಲ್ಲಿ, ಜಾತ್ರೆಗೆ ಬಂದವರಂತೆ, ಒಂದೇ ಲೋಕವನ್ನು ಹೊಕ್ಕು ಆಡುವಂಥ ಆಟವೊಂದನ್ನು ರಚಿಸುವುದು. ಇಂಥ ಆನ್‌ಲೈನ್ ಆಟಗಳು ಆಗಲೇ ಇದ್ದವು. ಆದರೆ ಹೆಚ್ಚಿನವುಗಳಲ್ಲಿ ಕತ್ತಿ ಹಿರಿದು ರಾಕ್ಷಸರನ್ನು ಕೊಲ್ಲುವುದೇ ಕಾರ್ಯ. ಬಟರ್‌ಫೀಲ್ಡನ ಆಟದಲ್ಲಿ ಗೆಲುವಿಲ್ಲ, ಸೋಲಿಲ್ಲ. ವಸ್ತುಗಳನ್ನು ಕೂಡಿಸುವುದು, ಕೊಡುವುದು, ಕೊಳ್ಳುವುದು, ಹರಟುವುದು. ಆಟವೆಂಬುದು ಜನ ಜೊತೆಗೂಡಲು ಒಂದು ನೆಪವೆಂಬುದು ಅವನ ನಂಬಿಕೆ. ಹೆಸರನ್ನೂ ಹಾಗೆಯೇ ಇಟ್ಟನು: ‘ಗೇಮ್ ನೆವರೆಂಡಿಂಗ್’, ಅಂದರೆ ಮುಗಿಯದ ಆಟ.

ಅದು ಎರಡು ವರ್ಷದಲ್ಲಿ ಮುಗಿಯಿತು. ಅಂತರಜಾಲದ ಕಂಪೆನಿಗಳು ಸಾಲುಸಾಲಾಗಿ ಮುಳುಗಿದ ಮರುದಿನಗಳವು. ಆಟಕ್ಕೆಂದು ಹಣ ಹೂಡುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಕೊನೆಗೆ ಕಂಪೆನಿಯಲ್ಲಿ ಸಂಬಳ ದೊರೆಯುತ್ತಿದ್ದುದು ಒಬ್ಬನಿಗೆ ಮಾತ್ರ, ಅವನೊಬ್ಬನೇ ಮಕ್ಕಳೊಂದಿಗ. ಯಾವ ಲೆಕ್ಕಶಾಸ್ತ್ರದಲ್ಲಿಯೂ ಇಲ್ಲದ ಆ ನ್ಯಾಯವನ್ನು ಮೆಚ್ಚದಿರುವುದು ಕಷ್ಟ.

ಆಟದಲ್ಲಿ ಆಡುವವನು ಕೂಡಿಸಿದ ವಸ್ತುಗಳನ್ನು ಇಟ್ಟುಕೊಳ್ಳಲು ಒಂದು ವ್ಯವಸ್ಥೆಯಿತ್ತು; ಅವನ್ನು ಇತರರಿಗೆ ತೋರಿಸಿ ಮಾತಾಡಬಹುದಾಗಿತ್ತು. ವಸ್ತುಗಳ ಬದಲು ಅಲ್ಲಿ ಭಾವಚಿತ್ರಗಳನ್ನಿಟ್ಟರೆ ಹೇಗೆ? ಕೈಯಲ್ಲಿದ್ದ ಸಾಮಗ್ರಿಯಿಂದಲೇ ಕೆಲವು ತಿಂಗಳಲ್ಲಿ ಕಟ್ಟಿದ ‘ಫ್ಲಿಕರ್’ 2004ರ ಫೆಬ್ರವರಿಯಲ್ಲಿ ಹೊರಬಂದಿತು. ಮದುವೆ, ಪ್ರವಾಸ, ಮಗುವಿನ ಮೊದಲ ಹೆಜ್ಜೆ, ಎಲ್ಲವನ್ನೂ ಜನ ಅದರಲ್ಲಿ ತುಂಬಿದರು. ಮರುವರ್ಷವೇ ಯಾಹೂ ಕಂಪೆನಿ ಅದನ್ನು ಕೊಂಡುಕೊಂಡಿತು. ಬೆಲೆ ಎರಡು ಕೋಟಿ ಡಾಲರಿಗೂ ಮಿಕ್ಕಿತ್ತೆಂದು ಪತ್ರಿಕೆಗಳು ಬರೆದವು. ಫ್ಲಿಕರಿನ ಹಲವು ಪುಟಗಳ ವಿಳಾಸದ ಕೊನೆಯಲ್ಲಿ ‘ಜಿಎನ್‌ಇ’ ಎಂಬ ಮೂರು ಅಕ್ಷರಗಳು ಬಹುಕಾಲ ಉಳಿದುಕೊಂಡಿದ್ದವು. ಗೇಮ್ ನೆವರೆಂಡಿಂಗ್ ಎಂಬುದರ ಮೊದಲಕ್ಷರಗಳವು. ಲಕ್ಷಾಂತರ ಜನ ಚಿತ್ರ ನೋಡಿ ಹೋದರು. ಆ ಅಕ್ಷರಗಳ ಅರ್ಥ ಎಷ್ಟು ಮಂದಿಗೆ ತಿಳಿದಿದ್ದೀತು!

ದೊಡ್ಡ ಕಂಪೆನಿಯ ನೌಕರಿ ಆತನಿಗೆ ಒಗ್ಗಲಿಲ್ಲ. 2008ರಲ್ಲಿ ಕೊಟ್ಟ ರಾಜೀನಾಮೆಯ ಪತ್ರವಂತೂ ಪ್ರಸಿದ್ಧವಾಗಿದೆ. ಯಾಹೂ ಒಂದು ತವರದ ತಗಡಿನ ಕಾರಖಾನೆಯೆಂದೂ, ತಾನು ತಲೆಮಾರಿನಿಂದ ಬಂದ ತಗಡುಗೆಲಸದವನೆಂದೂ, ಇನ್ನು ಅಲ್ಪಾಕಾ ಎಂಬ ಉಣ್ಣೆಯ ಪ್ರಾಣಿಗಳ ಹಿಂಡನ್ನು ಸಾಕಿಕೊಂಡಿರುವೆನೆಂದೂ ಗಂಭೀರವಾಗಿ ಬರೆದಿದ್ದನು. ನಮ್ಮ ಕಚೇರಿಗಳಲ್ಲಾದರೆ ಅಂಥ ಪತ್ರಕ್ಕೆ ವಿವರಣೆ ಕೇಳಿ ಮೂರು ನೋಟೀಸು ಬರುತ್ತಿದ್ದವು.

ತಗಡೂ ಇಲ್ಲ, ಹಿಂಡೂ ಇಲ್ಲ. 2009ರಲ್ಲಿ ಮತ್ತೆ ಆಟವೇ. ಈ ಸಲ ಕಂಪೆನಿಯ ಹೆಸರು ‘ಟೈನಿ ಸ್ಪೆಕ್’, ಆಟದ ಹೆಸರು ‘ಗ್ಲಿಚ್’. ಫ್ಲಿಕರ್ ಕಟ್ಟಿದ ಹಳೆಯ ಗೆಳೆಯರು ಜೊತೆಗಿದ್ದರು. ಹಣಕ್ಕೂ ಕೊರತೆಯಿರಲಿಲ್ಲ, ಕ್ರಮೇಣ ಸುಮಾರು 1 ಕೋಟಿ 70 ಲಕ್ಷ ಡಾಲರ್ ಕೂಡಿತು. ಹನ್ನೊಂದು ಮಹಾಕಾಯರ ಕಲ್ಪನೆಯೊಳಗೆ ಹುಟ್ಟಿದ ಲೋಕ ಅದು. ಅಲ್ಲಿ ಮೊಟ್ಟೆ ಗಿಡದಲ್ಲಿ ಬಿಡುತ್ತದೆ. ಕೋಳಿಯನ್ನು ಮೆಲ್ಲನೆ ಅಮುಕಿದರೆ ಕಾಳು ಉದುರುತ್ತದೆ. ಚಿಟ್ಟೆಯ ಮೈಯೊತ್ತಿ ಹಾಲು ಕರೆಯಬೇಕು. ಹಂದಿಯನ್ನು ಕೊಲ್ಲಬೇಕಾಗಿಲ್ಲ, ಮೈದಡವಿ ಮುದ್ದಿಸಿದರೆ ತನ್ನ ಮೈಯಿಂದ ಒಂದು ತುಣುಕನ್ನು ಕಚ್ಚಿಕೊಳ್ಳಲು ತಾನೇ ಬಿಡುತ್ತದೆ, ಬಳಿಕ ಎಂದಿನಂತೆ ಅಡ್ಡಾಡಿಕೊಂಡಿರುತ್ತದೆ. ಅಜ್ಜಿಯರು ಕತ್ತಲಲ್ಲಿ ಮಕ್ಕಳಿಗೆ ಕೈತುತ್ತು ಹಾಕುತ್ತ ಕಟ್ಟುತ್ತಿದ್ದ ಲೋಕಕ್ಕೂ ಇದಕ್ಕೂ ಬಹಳ ದೂರವಿಲ್ಲ.

2011ರ ಸೆಪ್ಟೆಂಬರ್ 27ರಂದು ಬಾಗಿಲು ತೆರೆಯಿತು. ಆಟಕ್ಕೆ ಮನಸೋತವರು ಅದರಲ್ಲೇ ಮನೆಮಾಡಿಕೊಂಡರು. ಆದರೆ ಅಂಥವರು ಕೆಲವರೇ. ಬಂದವರಲ್ಲಿ ಬಹುಪಾಲು ಜನ, ಇಲ್ಲಿ ಮಾಡಬೇಕಾದುದೇನೆಂದು ತಿಳಿಯದೆ, ಕೆಲವೇ ನಿಮಿಷಗಳಲ್ಲಿ ಹೊರಟುಹೋಗುತ್ತಿದ್ದರು. ಗೆಲುವಿಲ್ಲದ ಆಟವನ್ನು ಆಡಲು ದೊಡ್ಡವರಿಗೆ ಬರುವುದಿಲ್ಲವೇನೋ. ಇನ್ನೊಂದು ಏಟು ಬೇರೆ ದಿಕ್ಕಿನಿಂದ ಬಿದ್ದಿತು. ಗ್ಲಿಚ್ ನಡೆಯುತ್ತಿದ್ದುದು ‘ಫ್ಲ್ಯಾಶ್’ ಎಂಬ ತಂತ್ರದ ಆಧಾರದಿಂದ. ಜನರೋ ಕಂಪ್ಯೂಟರನ್ನು ಬಿಟ್ಟು ಕೈಯಲ್ಲಿನ ಫೋನಿಗೆ ತಿರುಗುತ್ತಿದ್ದರು. ಐಫೋನಿನಲ್ಲಿ ಫ್ಲ್ಯಾಶ್‌ಗೆ ಪ್ರವೇಶವೇ ಇರಲಿಲ್ಲ. ಎರಡು ತಿಂಗಳಲ್ಲಿ ಆಟವನ್ನು ಮತ್ತೆ ಪರೀಕ್ಷೆಯ ಹಂತಕ್ಕೆ ಇಳಿಸಿ ಒಂದು ವರ್ಷ ತಿದ್ದಿ ನೋಡಿದರು. ಫಲವಾಗಲಿಲ್ಲ.

2012ರ ನವೆಂಬರಿನಲ್ಲಿ 40ಕ್ಕೂ ಮಿಕ್ಕ ಜನರಿದ್ದ ತನ್ನ ಬಳಗದ ಮುಂದೆ ಬಟರ್‌ಫೀಲ್ಡ್ ಎದ್ದು ನಿಂತನು. ಮಾತು ತೊಡಗುವಷ್ಟರಲ್ಲಿ ಮುಂದಿದ್ದ ಒಬ್ಬ ಉದ್ಯೋಗಿಯ ಮುಖ ಕಣ್ಣಿಗೆ ಬಿತ್ತು. ಅತ್ತೆ ಮಾವಂದಿರ ಊರಿನಲ್ಲಿದ್ದವನು ಆತ. ಎರಡು ವರ್ಷದ ಮಗಳನ್ನು ಅವರೇ ನೋಡಿಕೊಳ್ಳುತ್ತಿದ್ದರು. ಆ ಆಸರೆಯನ್ನು ಬಿಡಿಸಿ, ಒತ್ತಾಯ ಮಾಡಿ ಹೊಸ ಊರಿಗೆ ಕರೆತಂದಿದ್ದವನು ತಾನು! ಬಟರ್‌ಫೀಲ್ಡನು ಅತ್ತುಬಿಟ್ಟನು. ಇದನ್ನು ಮುಂದೆ ಅವನೇ ಹೇಳಿಕೊಂಡಿದ್ದಾನೆ. ಅಳು ಎಲ್ಲ ಒಡೆಯರಿಗೂ ಬಂದೀತು. ಆ ಬಳಿಕ ಮಾಡಿದ ಕೆಲಸ ದೊಡ್ಡದು. ಕೆಲಸ ಕಳೆದುಕೊಂಡವರ ಹೆಸರು, ಅರ್ಹತೆ, ಮಾದರಿಗಳನ್ನು ಅಂತರಜಾಲದಲ್ಲಿ ಪ್ರಕಟಿಸಿ ಅವರಿಗೆ ಬೇರೆಡೆ ಉದ್ಯೋಗ ಹುಡುಕುವ ಹೊಣೆಯನ್ನು ಕಂಪೆನಿಯೇ ಹೊತ್ತಿತು. ಆಡುವವರಿಗೆ ಅವರು ತೆತ್ತ ಹಣವನ್ನು ಹಿಂದಿರುಗಿಸಲು ಮುಂದಾಯಿತು. ಡಿಸೆಂಬರ್ 9ರಂದು ಹನ್ನೊಂದು ಮಹಾಕಾಯರ ಲೋಕ ಕತ್ತಲಾಯಿತು.

ಪೆಟ್ಟಿಗೆಯಲ್ಲಿ ಇನ್ನೂ ಸುಮಾರು 50 ಲಕ್ಷ ಡಾಲರ್ ಇತ್ತು. ಅದನ್ನು ಹಿಂದಕ್ಕೆ ಕೊಡಲು ಹೋದರೆ ಹೂಡಿದವರು ಒಪ್ಪಲಿಲ್ಲ. ಇಟ್ಟುಕೊಂಡು ಬೇರೇನಾದರೂ ಮಾಡಿರೆಂದರು. ಉಳಿದಿದ್ದವರು ಎಂಟು ಮಂದಿ. ಬೇರೆ ಬೇರೆ ಊರುಗಳಲ್ಲಿ ಕುಳಿತು ಗ್ಲಿಚ್ ಕಟ್ಟುವಾಗ ಮಾತುಕತೆಗೆಂದು 1988ರ ಕಾಲದ ಒಂದು ಹಳೆಯ ಹರಟೆಯ ವ್ಯವಸ್ಥೆಯನ್ನು ಅವರು ಬಳಸುತ್ತಿದ್ದರು. ಮನೆಗೆ ಹೋಗಿದ್ದವನಿಗೂ ಬಂದ ಮಾತು ಉಳಿದಿರಲೆಂದು ಒಂದು ತೇಪೆ, ಹಳೆಯ ಮಾತನ್ನು ಹುಡುಕಲು ಇನ್ನೊಂದು ತೇಪೆ, ಹೀಗೆ ಹಾಕುತ್ತ ಬಂದಿದ್ದರು. ಹಿತ್ತಿಲ ಗಿಡ ಮದ್ದಲ್ಲವೆಂಬಂತೆ ಅದರ ಬೆಲೆ ಅವರಿಗೇ ಹೊಳೆದಿರಲಿಲ್ಲ. ಅದನ್ನೇ ಹೊಸದಾಗಿ ಕಟ್ಟಿ ‘ಸ್ಲ್ಯಾಕ್’ ಎಂದು ಹೆಸರಿಟ್ಟು 2013ರ ಆಗಸ್ಟಿನಲ್ಲಿ ತೋರಿಸಿದಾಗ ಮೊದಲ ದಿನವೇ 8000 ಕೋರಿಕೆಗಳು ಬಂದವು. ಮುಂದಿನದು ಎಲ್ಲರೂ ಬಲ್ಲ ಕಥೆ. ಬೆಂಗಳೂರಿನ ಎಷ್ಟೋ ಸಾಫ್ಟ್‌ವೇರ್ ಕಚೇರಿಗಳಲ್ಲಿಯೂ ಕೆಲಸದ ಮಾತು ನಡೆಯುವುದು ಅದರಲ್ಲಿಯೇ. ಸೇಲ್ಸ್‌ಫೋರ್ಸ್ ಕಂಪೆನಿ ಸುಮಾರು 2770 ಕೋಟಿ ಡಾಲರಿಗೆ ಅದನ್ನು ಕೊಳ್ಳಲು 2020ರ ಡಿಸೆಂಬರಿನಲ್ಲಿ ಒಪ್ಪಂದವಾಯಿತು, ಮರುವರ್ಷ ಕೊಂಡಿತು. 2023ರ ಜನವರಿಯಲ್ಲಿ ಬಟರ್‌ಫೀಲ್ಡ್ ಹೊರಬಂದನು.

ಇಂಗ್ಲಿಷಿನಲ್ಲಿ ‘ಸ್ಲ್ಯಾಕ್’ ಎಂದರೆ ಸಡಿಲ, ಬಿಡುವು. ಊಟದ ಹೊತ್ತಿನಲ್ಲಿಯೂ ಬಿಡದೆ ಟಕಟಕನೆ ಕರೆಯುವ ಯಂತ್ರಕ್ಕೆ ಈ ಹೆಸರೇ ಎಂದು ಎಷ್ಟು ಮನೆಗಳಲ್ಲಿ ಹೆಂಡತಿಯರು ಗೊಣಗಿಲ್ಲ! ಆಟಕ್ಕೆಂದು ಕಡೆದಾಗ ಬಂದುದು ಕೆಲಸ. ಬೆಲೆ ಬಂದುದೂ ಕೆಲಸಕ್ಕೆ. ವ್ಯಾಪಾರದ ಪತ್ರಿಕೆಗಳು ಇದನ್ನು ಜಾಣತನದ ತಿರುವೆಂದು ಹೊಗಳಿವೆ. ಆದರೆ ಬಟರ್‌ಫೀಲ್ಡನು ಹತ್ತು ವರ್ಷ ಬೆನ್ನುಹತ್ತಿದ್ದುದು ಇದನ್ನಲ್ಲ.

2013ರ ನವೆಂಬರಿನಲ್ಲಿ ಗ್ಲಿಚ್ ಆಟದ ಚಿತ್ರಗಳನ್ನೆಲ್ಲ ಆ ಬಳಗ ಸಾರ್ವಜನಿಕರ ಸ್ವತ್ತಾಗಿ ಬಿಟ್ಟುಕೊಟ್ಟಿತು. ಹಳೆಯ ಆಟಗಾರರು ಕೆಲವರು ಅವನ್ನೆತ್ತಿಕೊಂಡು ಆ ಲೋಕವನ್ನು ತಾವೇ ಮರಳಿ ಕಟ್ಟಲು ತೊಡಗಿದರು. ಸ್ಲ್ಯಾಕ್‌ನಲ್ಲಿಯೂ ಅದರ ಗುರುತು ಉಳಿಯಿತು. ಯಾರಾದರೂ ತಪ್ಪು ವಿಳಾಸ ಒತ್ತಿ ಇಲ್ಲದ ಪುಟಕ್ಕೆ ಹೋದರೆ, ಅಲ್ಲಿ ಬರಿಯ ಕ್ಷಮಾಪಣೆಯ ಬದಲು ಹಸಿರು ಬಯಲೊಂದು ಕಾಣಿಸುತ್ತಿತ್ತು. ಅದರಲ್ಲಿ ಗ್ಲಿಚ್‌ನ ಹಂದಿ, ಕೋಳಿ, ಚಿಟ್ಟೆಗಳು ತಮ್ಮ ಪಾಡಿಗೆ ಅಡ್ಡಾಡಿಕೊಂಡಿದ್ದವು.