ಇದರಾಗ ಆಯೀದು ಯಾವುದು?

ಗೋಕಾಕದಿಂದ ಮಗಳನ್ನು ಕರೆದುಕೊಂಡು ಕಿತ್ತೂರು ಕೋಟೆಯ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಖಡ್ಗ, ಕೆತ್ತನೆಯ ಬಾಗಿಲು, ಹಳೆಯ ಶಿಲ್ಪ ಎಲ್ಲ ನೋಡಿ ಆಕೆ ಕೇಳಿದಳು: "ಅವ್ವಾ, ಇದರಾಗ ಆಯೀದು ಯಾವುದು?"

1824ರಲ್ಲಿ ಥ್ಯಾಕರೆಯ ಸೈನ್ಯವನ್ನು ಸೋಲಿಸಿದ ಚೆನ್ನಮ್ಮನ ಊರಲ್ಲಿ ಖಡ್ಗ ಇರಬೇಕಾದದ್ದೇ. ಆದರೆ ಇತಿಹಾಸವೆಂದರೆ ಖಡ್ಗವೊಂದೇ ಏನು? ಆದಿಲಶಾಹಿ ಸರದಾರರಿಗೆ ಹುಕ್ಕೇರಿಯಲ್ಲಿ ಇಂದಿಗೂ ಗುಮ್ಮಟಗಳಿವೆ. ಮೂಡಲಗಿ ಸೀಮೆಯ ಕುಲಗೋಡ ತಮ್ಮಣ್ಣ ಕಟ್ಟಿದ ಶ್ರೀಕೃಷ್ಣ ಪಾರಿಜಾತವನ್ನು ಆಡಿ ಹೆಸರಾದ ಕೌಜಲಗಿ ನಿಂಗಮ್ಮನ ಗೆಜ್ಜೆ ತೋರಿಸಲು ಮಗಳನ್ನು ಎಲ್ಲಿಗೆ ಕರೆದೊಯ್ಯಲಿ? ಗೋಕಾಕದ ಮರದ ಹಣ್ಣುಗಳನ್ನು ಷೋಕೇಸಿನಲ್ಲಿಟ್ಟು ಬೀಗುವ ನಾವು, ಅವಕ್ಕೆ ಬಣ್ಣ ಬಳಿದ ಕೈ ಯಾರದೆಂದು ಎಂದಾದರೂ ಕೇಳಿದ್ದೇವೆಯೇ?

ಸರಕಾರವನ್ನು ಬೈಯುವುದು ಸುಲಭ. ತಾಮ್ರದ ಹಂಡೆ ಕೊಟ್ಟು ಸ್ಟೀಲಿನ ಡಬ್ಬಿ ತಂದವರು ನಾವೇ ಅಲ್ಲವೇ, ಅಕ್ಕಂದಿರೇ? ಅತ್ತೆ ಹೊಲಿದ ಕೌದಿ ಹರಿದು ಒರೆಸುಬಟ್ಟೆ ಮಾಡಿದವಳು ನಾನೇ. ಅವರು ನಲವತ್ತು ವರ್ಷ ತಿರುವಿದ ಬೀಸುಕಲ್ಲು ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿಗೆ ಆಸರೆಯಾಗಿ ಬಿದ್ದಿತ್ತು.

ಮರಳಿ ಬಂದವಳೇ ಅದನ್ನು ಎತ್ತಿಸಿ ತೊಳೆದೆ. ಅತ್ತೆ ನಕ್ಕರು: "ಇದನ್ನ ನೋಡಾಕ ಟಿಕೀಟ ಹಚ್ಚತೀಯೇನ?"

"ಹೂಂ ಅತ್ತಿ, ಮೊದಲನೇ ಟಿಕೀಟ ನಿಮ್ಮ ಮಗಗ," ಅಂದೆ.