ಸಿಗ್ನಲ್ಲಿಗೂ ಮುಯ್ಯಾಳು ಬೇಕು

ನಮ್ಮ ಹೊಳಲ್ಕೆರೆ, ಹೊಸದುರ್ಗ ಕಡೆ ಬೋರ್‌ವೆಲ್ ಮೋಟಾರು ಈಗ ಫೋನಿನ ಮಾತು ಕೇಳುತ್ತದೆ. ಸ್ಟಾರ್ಟರಿಗೆ ಸಿಮ್ ಇರುವ ಪೆಟ್ಟಿಗೆ ಜೋಡಿಸಿದರೆ, ಸರಿರಾತ್ರಿ ತ್ರೀಫೇಸ್ ಬಂದರೂ ಮನೆಯಿಂದಲೇ ಮೋಟಾರು ಹಾಕಬಹುದು, ಆರಿಸಬಹುದು. ಆದರೆ ತೋಟ ಗುಡ್ಡದ ಮರೆಯಲ್ಲಿದ್ದರೆ ಟವರಿನ ಸಿಗ್ನಲ್ ಇಳಿಯುವುದಿಲ್ಲ. ನನ್ನದು ಅಂಥ ತೋಟ. ದಿಬ್ಬದ ಮೇಲಿನ ನೆರೆಯವರಿಗೆ ಸಿಗ್ನಲ್ ಸಲೀಸು. ನಾನು ಮಾತ್ರ ಹಾವು, ಕರಡಿ ಓಡಾಡುವ ಹೊತ್ತಿನಲ್ಲಿ ಟಾರ್ಚ್ ಹಿಡಿದು ಹೋಗಬೇಕು.

ಟವರಿಗೆ ಅರ್ಜಿ ಕೊಟ್ಟು ಕಾಯುವುದು ಒಂದು ದಾರಿ. ಇನ್ನೊಂದು, ನಮ್ಮ ಸಂದೇಶವನ್ನು ನಾವೇ ಕೈಯಿಂದ ಕೈಗೆ ದಾಟಿಸಿಕೊಳ್ಳುವುದು.

ದಾಟಿಸುವ ಈ ಕೆಲಸ ನಮ್ಮ ರಾಜ್ಯದಲ್ಲೇ ಹಿಂದೆ ಆಗಿದೆ. 2000ದ ದಶಕದ ಆರಂಭದಲ್ಲಿ ದೊಡ್ಡಬಳ್ಳಾಪುರದಲ್ಲಿ 'ಡಾಕ್‌ನೆಟ್' ಎಂಬ ಪ್ರಯೋಗ ನಡೆಯಿತು. ಹಳ್ಳಿಯ ಕಂಪ್ಯೂಟರಿನಲ್ಲಿ ಪಹಣಿ ಕೇಳಿದರೆ, ಸರ್ಕಾರಿ ಬಸ್ಸಿನಲ್ಲಿದ್ದ ವೈಫೈ ಪೆಟ್ಟಿಗೆ ಆ ಕೋರಿಕೆಯನ್ನು ಎತ್ತಿಕೊಂಡು ತಾಲ್ಲೂಕಿಗೆ ಮುಟ್ಟಿಸುತ್ತಿತ್ತು, ಬರುವಾಗ ಪಹಣಿ ತರುತ್ತಿತ್ತು. ಬಸ್ಸಿಗೆ ನಷ್ಟವಿಲ್ಲ, ಹೇಗೂ ಹೋಗುವ ದಾರಿ.

ಇವತ್ತು 'ಲೋರಾ' ಎಂಬ ಸಣ್ಣ ರೇಡಿಯೋ ಪೆಟ್ಟಿಗೆಗಳಿವೆ. ಸಿಮ್ ಬೇಡ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್‌ನಲ್ಲಿ ನಿಗದಿತ ಮಿತಿಯ ಶಕ್ತಿಯೊಳಗೆ ಬಳಸಲು ಲೈಸೆನ್ಸೂ ಬೇಡ. ಫೋನಿನಂತೆ ಮಾತಾಡಲು ಆಗದು; 'ಮೋಟಾರು ಹಾಕು, ಆರಿಸು' ಎನ್ನುವಷ್ಟು ಸಂದೇಶ ಮಾತ್ರ ಅಡ್ಡವಿಲ್ಲದ ಕಡೆ ಕಿಲೋಮೀಟರುಗಟ್ಟಲೆ ಹೋಗುತ್ತದೆ. ಹಿರಿಯೂರಿನ ಬಯಲಿನಲ್ಲಿ ನೇರ ಮುಟ್ಟೀತು. ಗುಡ್ಡದ ಮರೆಯ ತೋಟಕ್ಕಾದರೆ ದಿಬ್ಬದ ಮೇಲೊಂದು ಪೆಟ್ಟಿಗೆ ನಿಂತು ದಾಟಿಸಲೇಬೇಕು.

ತೊಡಕು ಇಲ್ಲೇ. ದಿಬ್ಬದವರಿಗೆ ನಮ್ಮಿಂದ ಸಿಗ್ನಲ್ ಬೇಕಿಲ್ಲ. 'ನಿನ್ನ ಮೋಟಾರಿಗೆ ನನ್ನ ಬ್ಯಾಟರಿ ಯಾಕೆ ಸವೆಯಬೇಕು?' ಎಂದು ಅವರು ಕೇಳಿದರೆ ತಪ್ಪೇನು? ಪುಕ್ಕಟೆ ಉಪಕಾರದ ಮೇಲೆ ನಿಂತ ಜಾಲ ಒಂದು ಮಳೆಗಾಲ ಬಾಳುವುದಿಲ್ಲ.

ನಮ್ಮ ಮುಯ್ಯಾಳಿನಲ್ಲಿ ಇದಕ್ಕೆ ಉತ್ತರವಿದೆ. ಬಿತ್ತನೆಗೆ ಬಂದವರ ಮುಯ್ಯಿ ಬಿತ್ತನೆಯಲ್ಲೇ ತೀರಬೇಕೆಂದಿಲ್ಲ, ಕೊಯ್ಲಿನಲ್ಲೂ ತೀರಿಸುತ್ತೇವೆ. ಇಲ್ಲೂ ಹಾಗೇ ಆಗಲಿ. ದಿಬ್ಬದ ಪೆಟ್ಟಿಗೆ, ಬ್ಯಾಟರಿ, ಸೋಲಾರ್ ಹಲಗೆಯ ಖರ್ಚು ತಗ್ಗಿನ ತೋಟದವರದು. ಅದನ್ನು ನೋಡಿಕೊಳ್ಳುವ ನೆರೆಯವರಿಗೆ ಅಡಿಕೆ ಕೊಯ್ಲಿನಲ್ಲಿ ನಮ್ಮ ಒಂದು ದಿನದ ಆಳು.

ಮೂರು ಮಾತು ಮೊದಲೇ ಆಗಿರಲಿ. ಎಲ್ಲ ಪೆಟ್ಟಿಗೆಗಳೂ ದಾಟಿಸಲು ಹೊರಟರೆ ಸಂತೆಯ ಗದ್ದಲವಾಗಿ ಯಾವುದೂ ಮುಟ್ಟದು. ಎತ್ತರದ ಒಂದೆರಡು ಸಾಕು. ದಾಟಿಸುವವರಿಗೆ ಸಂದೇಶ ತೆರೆಯಲು, ಇನ್ನೊಬ್ಬರ ಮೋಟಾರು ಹಾಕಲು ಆಗದಂತೆ ಗುಪ್ತ ಕೀಲಿ ಇರಬೇಕು. ಸಂದೇಶ ದಾರಿಯಲ್ಲಿ ತಪ್ಪುವುದೂ ಉಂಟು. ನೀರಿಲ್ಲದಾಗ ಮೋಟಾರು ತಾನೇ ನಿಲ್ಲುವ ವ್ಯವಸ್ಥೆ ಸ್ಟಾರ್ಟರಿನಲ್ಲೇ ಇರಲಿ.

ಪೆಟ್ಟಿಗೆ ಕೊಳ್ಳುವ ಮುಂಚೆ ದಿಬ್ಬದ ಮನೆಗೆ ಹೋಗಿ ಕೂತು ಈ ಲೆಕ್ಕ ಮಾತಾಡಿ ಎನ್ನುವುದೇ ನನ್ನ ಸಲಹೆ. ಈಗಾಗಲೇ ಅಳವಡಿಸಿದವರಿದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ಖರ್ಚಿನ ಜತೆಗೆ, ನೆರೆಯವರನ್ನು ಹೇಗೆ ಒಪ್ಪಿಸಿದಿರಿ ಎಂಬುದನ್ನೂ ತಿಳಿಸಿ.