ಕೇಂದ್ರಸ್ಥಾನದಲ್ಲಿ ಮನೆಯಿಲ್ಲದ ಶಿಕ್ಷಕರ ಮನವಿ ಪತ್ರ

ಇವರಿಗೆ,
ಸರ್ಕಾರದ ಪ್ರಧಾನ ಕಾರ್ಯದರ್ಶಿಗಳು,
ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆ, ಬೆಂಗಳೂರು.

ಇವರಿಂದ,
ಕಾಳಿ ಕಣಿವೆಯ ಕಾಡಂಚಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕುಟುಂಬ ಸಮೇತ ವಾಸವಿರುವ ಶಿಕ್ಷಕ-ಶಿಕ್ಷಕಿಯರು.

ವಿಷಯ: ಶಾಲಾ ಕೊಠಡಿ ತೆರವಿನ ನೋಟಿಸ್ ಹಿಂಪಡೆದು, ತಡೆಹಿಡಿದ ಮನೆ ಬಾಡಿಗೆ ಭತ್ಯೆ ಬಿಡುಗಡೆ ಮಾಡಿ, ಶಿಕ್ಷಕರ ವಸತಿಗೃಹ ಮಂಜೂರು ಮಾಡುವ ಬಗ್ಗೆ.

ಮಾನ್ಯರೇ,

ನಮ್ಮಲ್ಲಿ ಬಹುತೇಕರು ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಬಯಲುಸೀಮೆಯವರು. ಕೌನ್ಸೆಲಿಂಗ್‌ನಲ್ಲಿ ಸ್ಥಳ ಆಯ್ದುಕೊಂಡು ಈ ಘಟ್ಟಕ್ಕೆ ಬಂದವರು. ಮನೆಮಂದಿಯನ್ನು ಊರಲ್ಲೇ ಬಿಟ್ಟು ಶನಿವಾರ ಮಧ್ಯಾಹ್ನ ಬಸ್ಸು ಹಿಡಿಯುವ ದಾರಿ ನಮಗೂ ಇತ್ತು. ಸಂಸಾರ ಕಟ್ಟಿಕೊಂಡು ಬಂದು ಇಲ್ಲೇ ನೆಲೆಸಿದ್ದು ಕೇಂದ್ರಸ್ಥಾನದಲ್ಲೇ ವಾಸವಿರಬೇಕೆಂಬ ನಿಯಮಕ್ಕೆ ಹೆದರಿ ಮಾತ್ರವಲ್ಲ. ಇಲ್ಲಿನ ಕುಣಬಿ, ಗೌಳಿ ಮಕ್ಕಳು ಮನೆಯಲ್ಲಿ ಆಡುವುದು ಕೊಂಕಣಿ, ಮರಾಠಿ. ಒಂದನೇ ತರಗತಿಗೆ ಬರುವ ಮಗುವಿಗೆ ನಲಿ-ಕಲಿ ಕಾರ್ಡಿನ ಮೇಲಿನ ಕನ್ನಡ ಪೂರಾ ಹೊಸದು. ನಮ್ಮ ಮಕ್ಕಳು ಅವರೊಡನೆ ಆಡಿ ಕೊಂಕಣಿ ಕಲಿತವು, ಆ ಮಕ್ಕಳು ಕನ್ನಡ ಕಲಿತವು. ಕಾಲುಸಂಕ ನೀರುಪಾಲಾದ ಆಷಾಢದ ದಿನಗಳಲ್ಲೂ ನಮ್ಮ ಶಾಲೆಗಳ ಬೀಗ ತೆಗೆದಿದೆ, ಬಿಸಿಯೂಟ ಬೆಂದಿದೆ. ಹಾಜರಾತಿ ಪುಸ್ತಕಗಳ ನಕಲನ್ನು ಲಗತ್ತಿಸಿದ್ದೇವೆ (ಲಗತ್ತು 1).

ಇಷ್ಟಾದ ಮೇಲೂ ಈ ತಿಂಗಳು ನಮ್ಮ ಕೈಗೆ ಬಂದಿರುವುದು ಕಾರಣ ಕೇಳುವ ನೋಟಿಸ್ (ಲಗತ್ತು 2). ಅದರಲ್ಲಿ ಮೂರು ಮಾತುಗಳಿವೆ. ನಾವು ಶಾಲೆಯ ಕಚೇರಿ-ದಾಸ್ತಾನು ಕೊಠಡಿಯಲ್ಲಿ ‘ಅನಧಿಕೃತವಾಗಿ’ ವಾಸವಿದ್ದೇವೆ, ಕೂಡಲೇ ತೆರವು ಮಾಡಬೇಕು ಎಂಬುದು ಒಂದು. ಸರ್ಕಾರಿ ಕಟ್ಟಡದಲ್ಲಿ ವಾಸವಿರುವುದರಿಂದ ಮನೆ ಬಾಡಿಗೆ ಭತ್ಯೆಗೆ ಅರ್ಹರಲ್ಲ, ಹಿಂದೆ ಪಡೆದದ್ದನ್ನೂ ವೇತನದಿಂದ ಕಟಾವಣೆ ಮಾಡಲಾಗುವುದು ಎಂಬುದು ಎರಡು. ಯಾವುದೇ ಕಾರಣಕ್ಕೂ ಕೇಂದ್ರಸ್ಥಾನ ಬಿಡಕೂಡದು ಎಂಬುದು ಮೂರು. ತೆರವು ಮಾಡಿಸುವಾಗ ಅದು ವಾಸದ ಮನೆಯಲ್ಲ, ಭತ್ಯೆ ಕಡಿಯುವಾಗ ಮಾತ್ರ ಅದೇ ಸರ್ಕಾರಿ ವಸತಿ. ಹೊರಬಿದ್ದ ಮೇಲೆ ಕೇಂದ್ರಸ್ಥಾನದಲ್ಲಿ ಮಕ್ಕಳನ್ನು ಎಲ್ಲಿ ಮಲಗಿಸಬೇಕು ಎಂಬುದಕ್ಕೆ ನೋಟಿಸಿನಲ್ಲಿ ಒಂದು ಸಾಲೂ ಇಲ್ಲ. ಮಳೆಗಾಲ ಎದುರಿಗಿರುವಾಗ ಇಂಥ ಕಾಗದಕ್ಕೆ ಸಹಿ ಹಾಕಿದವರು ಒಮ್ಮೆ ಇಲ್ಲಿಗೆ ಬಂದು ಹೋಗಿದ್ದರೆ ಸಾಕಿತ್ತು.

ಬಾಡಿಗೆಗೆ ಮನೆ ಹುಡುಕಲಿಲ್ಲವೇ ಎಂದು ತಾವು ಕೇಳಬಹುದು. ನಮ್ಮ ಮಜಿರೆಗಳಲ್ಲಿ ಬಾಡಿಗೆಗೆ ಕೊಡುವ ಮನೆ ಒಂದೂ ಇಲ್ಲವೆಂದು ಗ್ರಾಮ ಪಂಚಾಯಿತಿಯೇ ದೃಢೀಕರಿಸಿದೆ (ಲಗತ್ತು 3). ಇಲ್ಲಿ ಮನೆಗಳೇ ದೂರದೂರ. ಒಂದೊಂದು ಮನೆಯಲ್ಲಿ ಎರಡು ಮೂರು ಒಲೆ ಉರಿಯುತ್ತವೆ. ಶಿಕ್ಷಕರು ಊರಲ್ಲಿರಲಿ, ಕೊಠಡಿ ಬಳಸಿಕೊಳ್ಳಲಿ ಎಂದು ಎಸ್‌ಡಿಎಂಸಿಗಳು ಮಾಡಿದ ಠರಾವುಗಳು ಇವೆ (ಲಗತ್ತು 4). ಪಾಳುಬಿದ್ದ ಹಳೆಯ ವಸತಿಗೃಹದ ಫೋಟೋಗಳೂ ಅದರ ದುರಸ್ತಿಗೆ ಎಂಜಿನಿಯರು ಬರೆದುಕೊಟ್ಟ ಅಂದಾಜು ಪಟ್ಟಿಯೂ ಇವೆ (ಲಗತ್ತು 5, 6). ಹಿಂದಿನ ಮನವಿಗಳ ಸ್ವೀಕೃತಿ ಚೀಟಿಗಳನ್ನೂ ಇಟ್ಟಿದ್ದೇವೆ (ಲಗತ್ತು 7). ಸ್ವೀಕೃತಿಯ ಮೊಹರು ಬಿಟ್ಟರೆ ಅವುಗಳಿಗೆ ಬೇರೆ ಉತ್ತರ ಬಂದಿಲ್ಲ.

ವಸತಿಗೃಹಕ್ಕೆ ಅರಣ್ಯ ಜಾಗ ಅಡ್ಡಿ ಎಂಬ ಮಾತನ್ನು ನಮಗೆ ಬಾಯಿಮಾತಿನಲ್ಲಿ ಹೇಳಲಾಗಿದೆ. ಅರಣ್ಯ ಹಕ್ಕು ಕಾಯ್ದೆ 2006ರ ಕಲಂ 3(2) ತಮಗೆ ತಿಳಿದದ್ದೇ. ಗ್ರಾಮಸಭೆಯ ಶಿಫಾರಸಿನ ಮೇಲೆ ಶಾಲೆಗೆ 1 ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಜಾಗ ಕೊಡಬಹುದು. ಕಡಿಯುವ ಮರ ಹೆಕ್ಟೇರಿಗೆ 75 ಮೀರಬಾರದು. ನಾವು ಕೇಳುವ ಮನೆಗಳಿಗೆ ಒಂದು ಮರವನ್ನೂ ಕಡಿಯಬೇಕಿಲ್ಲ. ಶಾಲೆಯ ಆವರಣದಲ್ಲೇ, ಹಳೆಯ ತಳಪಾಯದ ಮೇಲೆಯೇ ಕಟ್ಟಬಹುದು. ಗ್ರಾಮಸಭೆಯ ಶಿಫಾರಸು ಲಗತ್ತಿಸಿದೆ (ಲಗತ್ತು 8). ಶಾಲೆ ಬೇರೆ, ಶಿಕ್ಷಕರ ಮನೆ ಬೇರೆ ಎನ್ನುವುದೇ ಇಲಾಖೆಯ ನಿಲುವಾದರೆ ದಯವಿಟ್ಟು ಅದನ್ನು ಬರಹದಲ್ಲಿ ಕೊಡಿ.

ಆದ್ದರಿಂದ ನೋಟಿಸನ್ನು ಕೂಡಲೇ ಹಿಂಪಡೆಯಬೇಕು. ಕಟಾವಣೆ ನಿಲ್ಲಿಸಿ, ತಡೆಹಿಡಿದ ಭತ್ಯೆಯನ್ನು ಬಾಕಿ ಸಮೇತ ಕೊಡಬೇಕು. 2024ರ ಆಗಸ್ಟ್‌ನಿಂದ ಬೆಂಗಳೂರಿನಲ್ಲಿ ಈ ಭತ್ಯೆ ಮೂಲವೇತನದ ಶೇ 20, ನಮ್ಮಂಥ ಹಳ್ಳಿಗಳಲ್ಲಿ ಶೇ 7.5. ಆ ಏಳೂವರೆಯನ್ನೂ ಕಿತ್ತುಕೊಳ್ಳುವುದು ಯಾವ ನ್ಯಾಯ? ಮುಂದಿನ ಬೇಸಿಗೆಯೊಳಗೆ ಪ್ರತಿ ಶಾಲೆಗೆ ಕನಿಷ್ಠ ಎರಡು ಕೋಣೆ, ಅಡುಗೆಮನೆ, ಶೌಚಾಲಯವಿರುವ ಒಂದು ಮನೆ ಮಂಜೂರಾಗಬೇಕು. ಅಲ್ಲಿಯತನಕ ಈಗಿರುವ ಕೊಠಡಿಯ ವಾಸವನ್ನು ತಾತ್ಕಾಲಿಕ ಅನುಮತಿ ಎಂದು ದಾಖಲಿಸಬೇಕು.

ಇತರ ಬೇಡಿಕೆಗಳೂ ಇವೆ. ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ ಹಾಜರಾತಿ ಅಪ್‌ಲೋಡ್ ಮಾಡುತ್ತಿರುವುದರಿಂದ, ನೆಟ್‌ವರ್ಕ್ ಇಲ್ಲದ ಶಾಲೆಗಳಿಗೆ ಕಾಗದದ ಹಾಜರಾತಿಯನ್ನೇ ಒಪ್ಪಿಕೊಳ್ಳಬೇಕು. ಮಳೆಗಾಲದ ಮಾಸಿಕ ಸಭೆಗಳನ್ನು ಕಡಿಮೆ ಮಾಡಬೇಕು.

ಶಿಕ್ಷಕರ ವರ್ಗಾವಣೆ ಕಾಯ್ದೆ 2020ರ ‘ಸಿ’ ವಲಯದಲ್ಲಿ ಕುಟುಂಬ ಸಮೇತ ವಾಸವಿರುವವರಿಗೆ ಹೆಚ್ಚುವರಿ ಅಂಕ ಕೊಡಬೇಕು. ಡಿ.ಎಡ್. ಇಲ್ಲವೇ ಬಿ.ಎಡ್. ಮುಗಿಸಿ ನಮ್ಮೊಂದಿಗೇ ಇಲ್ಲಿ ನೆಲೆಸಿರುವ ಸಂಗಾತಿಗಳನ್ನು, ಖಾಲಿ ಹುದ್ದೆ ಇರುವಲ್ಲಿ ಅತಿಥಿ ಶಿಕ್ಷಕರಾಗಿ ಮೊದಲ ಆದ್ಯತೆಯಲ್ಲಿ ತೆಗೆದುಕೊಳ್ಳಬೇಕು. ಇದರಿಂದ ಏಕೋಪಾಧ್ಯಾಯ ಶಾಲೆಗೆ ಎರಡನೆಯ ಶಿಕ್ಷಕರು ಸಿಕ್ಕಂತಾಗುತ್ತದೆ. 60 ಮಕ್ಕಳವರೆಗಿನ ಶಾಲೆಗೆ ಇಬ್ಬರು ಶಿಕ್ಷಕರು ಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯೇ ಹೇಳುತ್ತದೆ. ಈ ವರ್ಷ ಎಸ್‌ಎಸ್‌ಎಲ್‌ಸಿ ಓದುತ್ತಿರುವ ಮಗಳಿರುವ ನಮ್ಮ ಸದಸ್ಯೆಯೊಬ್ಬರನ್ನು ಪರೀಕ್ಷೆ ಮುಗಿಯುವವರೆಗೆ ದಾಂಡೇಲಿಯ ಯಾವುದಾದರೂ ಶಾಲೆಗೆ ನಿಯೋಜಿಸಬೇಕೆಂದೂ ಪ್ರಾರ್ಥಿಸುತ್ತೇವೆ. ಹತ್ತಿರದಲ್ಲಿ ಹೈಸ್ಕೂಲಿಲ್ಲದ್ದರಿಂದ ಆ ಹುಡುಗಿ ಅಲ್ಲಿ ಒಬ್ಬಳೇ ಹಾಸ್ಟೆಲಿನಲ್ಲಿದ್ದಾಳೆ. ಊರವರ ಮಕ್ಕಳಿಗೆ ಅಕ್ಷರ ಕಲಿಸುವ ತಾಯಿ ತನ್ನ ಮಗಳ ಪುಸ್ತಕ ತೆರೆದು ನೋಡಲಾಗದ ಸ್ಥಿತಿ ಇದು.

ನೋಟಿಸಿನ ಗಡುವು ಮುಗಿಯುವುದರೊಳಗೆ ತಮ್ಮಿಂದ ಲಿಖಿತ ಆದೇಶವನ್ನು ಎದುರು ನೋಡುತ್ತೇವೆ. ಬದಲಿ ಮನೆ ತೋರಿಸುವವರೆಗೆ ಕೊಠಡಿಗಳನ್ನು ತೆರವು ಮಾಡುವುದಿಲ್ಲವೆಂದೂ, ಆದರೆ ಒಂದು ದಿನವೂ ಪಾಠ ನಿಲ್ಲಿಸುವುದಿಲ್ಲವೆಂದೂ ಗೌರವಪೂರ್ವಕವಾಗಿ ತಿಳಿಸುತ್ತೇವೆ.



ತಮ್ಮ ವಿಶ್ವಾಸಿಗಳು,
(ಸಹಿ ಮಾಡಿದ ಶಿಕ್ಷಕ-ಶಿಕ್ಷಕಿಯರು)